ನೀರುಗಂಟಿ ದೊಡ್ಡಯ್ಯನ ಅಂಗಾಲು

ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬರುವುದು ಅವರ ಪಾದ. ಅಗಲವಾದ, ಹಿಮ್ಮಡಿ ಒಡೆದ, ಬೆರಳುಗಳು ಒಂದರಿಂದೊಂದು ದೂರ ಸರಿದು ನಿಂತ ಪಾದ. ಕಾಲುವೆಯ ಬದುವಿನ ಹಸಿಮಣ್ಣಿನಲ್ಲಿ ಆ ಹೆಜ್ಜೆ ಮೂಡಿದ್ದು ಕಂಡರೆ ಸಾಕು, ‘ದೊಡ್ಡಯ್ಯ ಇತ್ಲಾಗೆ ಓಗವ್ರೆ, ನೀರು ಬರ್ತದೆ’ ಎಂದು ನಮ್ಮೂರ ಜನ ಗುದ್ದಲಿ ತೆಗೆದುಕೊಂಡು ಗದ್ದೆಗೆ ಇಳಿಯುತ್ತಿದ್ದರು.

ಅವರು ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಮುಚ್ಚುವುದು, ಕಾಲುವೆಯ ನೀರನ್ನು ಸರದಿಯ ಪ್ರಕಾರ ಗದ್ದೆಗದ್ದೆಗೆ ತಿರುಗಿಸುವುದು ಅವರ ಕೆಲಸ. ಅವರ ಅಪ್ಪನೂ ಅದನ್ನೇ ಮಾಡುತ್ತಿದ್ದರಂತೆ. ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಅಣೆಕಟ್ಟೆಯ ನಾಲೆ ನಮ್ಮ ಸೀಮೆಗೆ ಬಂದಾಗ ತಗ್ಗಿನ ಊರುಗಳಿಗೆಲ್ಲ ನೀರು ಸಿಕ್ಕಿತು. ನಮ್ಮದು ಎತ್ತರದ ನೆಲ. ನಮಗೆ ಆಗಲೂ ಮಳೆಯ ಕೆರೆಯೇ ಗತಿ, ಕೆರೆಗೆ ಅವರೇ ಗತಿ.

ನಾನು ಅವರನ್ನು ದೊಡ್ಡಯ್ಯ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ದೊಡ್ಡವ್ವ. ಸಂಬಂಧವೇನೂ ಇರಲಿಲ್ಲ. ನಮ್ಮ ಎರಡು ಮನೆಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಿಗ್ಗೆ ಅವರು ಕೆಮ್ಮಿದ್ದು, ದೊಡ್ಡವ್ವ ಒಲೆಯ ಬೂದಿ ತೆಗೆದದ್ದು, ಇಬ್ಬರೂ ಜಗಳವಾಡಿದ್ದು ಎಲ್ಲ ನಮ್ಮ ಮನೆಯಲ್ಲಿ ಆದಂತೆಯೇ ಕೇಳುತ್ತಿತ್ತು. ದೊಡ್ಡಯ್ಯ ತೀರಿಕೊಂಡದ್ದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ಯುದ್ಧ ಮುಗಿದು ಈಗ ದೇಶದಲ್ಲಿ ಬೇರೆ ಏನೇನೋ ನಡೆಯುತ್ತಿದೆ. ಗೋಡೆಯಾಚೆ ಮಾತ್ರ ಇನ್ನೂ ಅದೇ ಮೌನ.

ಅವರ ಮಾತು ಬಹಳ ಒರಟು. ‘ದೊಡ್ಡಯ್ಯ, ನೀರು ಸಾಲ್ತದಾ?’ ಎಂದು ಯಾರಾದರೂ ಕೇಳಿದರೆ, ‘ಬೆಳೆಗೋ, ನಿನ್ ದುರಾಸೆಗೋ?’ ಎನ್ನುತ್ತಿದ್ದರು. ಅಕ್ಕಪಕ್ಕದ ಗದ್ದೆಯವರು ನೀರಿನ ಸರದಿಗೆ ಹೊಡೆದಾಡಿದರೆ ಇಬ್ಬರ ಗದ್ದೆಗೂ ನೀರು ಹಾಯುವ ಮಡೆ ಕಟ್ಟಿ ನೀರನ್ನು ಮುಂದಿನವನಿಗೆ ಬಿಟ್ಟುಬಿಡುತ್ತಿದ್ದರು. ‘ಮೊದ್ಲು ನೀವಿಬ್ರೂ ಒಣಗ್ರಿ, ಆಮ್ಯಾಕೆ ಗದ್ದೆ ನೋಡವ’ ಎಂದು ಹೇಳಿ ಬದುವಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರು. ಎಲೆಯಡಿಕೆ ಇಲ್ಲದ ಅವರ ಬಾಯನ್ನು ನಾನು ಕಂಡದ್ದು ಕಡಿಮೆ.

ಬೇಸಿಗೆ ಭತ್ತದ ಸಸಿಗೆ ಒಟ್ಲು ಹಾಕುವ ಮುಂಚೆ ಒಂದು ದಿನ ಊರಿನವರೆಲ್ಲ ಅರಳಿಕಟ್ಟೆಯ ಹತ್ತಿರ ಸೇರುವುದು ಪದ್ಧತಿ. ಆ ಬೆಳಿಗ್ಗೆ ದೊಡ್ಡಯ್ಯ ಕೆರೆಗೆ ಇಳಿದು, ತೂಬಿನ ಕಂಬಕ್ಕೆ ನೀರು ಎಲ್ಲಿಯವರೆಗೆ ನಿಂತಿದೆ ಎಂದು ನೋಡಿ, ಒದ್ದೆ ಪಂಚೆಯಲ್ಲೇ ಬಂದು ಕಟ್ಟೆಯ ಮುಂದೆ ನಿಂತು ಹೇಳುತ್ತಿದ್ದರು: ಇಷ್ಟು ಗದ್ದೆಗೆ ಮಾತ್ರ ನೀರು, ಅಲ್ಲಿಂದಾಚೆ ಯಾರೂ ನಾಟಿ ಮಾಡಬೇಡಿ. ಕಡಿಮೆ ಹೇಳಿದ ವರ್ಷ ಜನ ಅವರನ್ನು ಬೈದದ್ದುಂಟು. ಆದರೆ ಅವರ ಮಾತು ಮೀರಿ ಪೈರು ನೆಟ್ಟವರಿಲ್ಲ. ಅವರು ಜಾಸ್ತಿ ಹೇಳಿ ಯಾರನ್ನೂ ಸಂತೋಷಪಡಿಸಲಿಲ್ಲ, ಕಡಿಮೆ ಹೇಳಿ ಯಾರನ್ನೂ ಹೆದರಿಸಲಿಲ್ಲ. ಕೇಳಿದವರಿಗೆ ಇದ್ದದ್ದು ಹೇಳುವುದು ಅವರ ಸ್ವಭಾವ. ಆ ಸ್ವಭಾವದವರಿಗೆ ಇದ್ದದ್ದನ್ನು ಹೇಳಲು ನಾವೆಲ್ಲ ಎಷ್ಟು ಹೆದರಿದೆವು ಎನ್ನುವುದನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ.

ಮೊದಲು ಕಂಡದ್ದು ಸುಸ್ತು. ಕೆರೆಯ ಏರಿ ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ತೂಬಿನ ಬಾಯಿಗೆ ಪಾಚಿ ಕಟ್ಟಿಕೊಂಡಾಗ ಮುಳುಗಿ ಬಿಡಿಸುವವರು ಅವರೇ. ಅಂಥವರು ಒಂದು ದಿನ ಮುಳುಗಿದ ಕೂಡಲೇ ಮೇಲೆದ್ದು ಬಾಯಿ ಬಿಟ್ಟು ಉಸಿರೆಳೆದರು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನಾಲೆ ಬಂದಮೇಲೆ ಆ ಕಾಲದಲ್ಲಿ ಮಂಡ್ಯದಿಂದ ಮಳವಳ್ಳಿಯವರೆಗೆ ಯಾರ ಮನೆಯಲ್ಲಿ ಚಳಿಜ್ವರ ಇರಲಿಲ್ಲ? ಬಿಳಿಚಿಕೊಂಡವರೆಲ್ಲ ಚಳಿಜ್ವರದವರೇ. ಮುಖ ನೋಡಿದ ಕೂಡಲೇ ‘ಕ್ವಿನೈನು ತಕ್ಕೊಂಡ್ಯಾ?’ ಎಂದು ಕೇಳುವುದು ಕುಶಲ ಕೇಳಿದಷ್ಟೇ ಸಹಜವಾಗಿತ್ತು. ಯುದ್ಧದಿಂದ ಕ್ವಿನೈನಿಗೂ ಬರ ಬಂದಿತ್ತು. ಆದರೂ ಅವರ ತಂಗಿಯ ಮಗ ಎಲ್ಲೆಲ್ಲೋ ಅಲೆದು ಮಾತ್ರೆ ತಂದುಕೊಟ್ಟ. ದೊಡ್ಡಯ್ಯ ತಿಂಗಳುಗಟ್ಟಲೆ ನುಂಗಿದರು. ಕಿವಿ ಗುಂಯ್ ಎಂದಿತೇ ಹೊರತು ಮುಖಕ್ಕೆ ಬಣ್ಣ ಬರಲಿಲ್ಲ.

‘ಚಳಿನೇ ಇಲ್ದಿರೋ ಚಳಿಜ್ವರ ಯಾವುದಪ್ಪ ಇದು?’ ಎಂದು ದೊಡ್ಡವ್ವ ಒಂದು ದಿನ ನನ್ನನ್ನು ಕೇಳಿದರು. ‘ಒಂದಿನಾನೂ ನಡುಗ್ನಿಲ್ಲ. ಒಂದಿನಾನೂ ಕಂಬಳಿ ಕೇಳ್ನಿಲ್ಲ.’

ಆಮೇಲೆ ಎಲೆ ಮುಗಿದ ದಿನ ಬಂತು. ಮಳವಳ್ಳಿ ಸಂತೆಗೆ ಹೋಗುವವರು ಯಾರೂ ಇಲ್ಲದೆ ಮನೆಯಲ್ಲಿ ವೀಳ್ಯದೆಲೆ ಮುಗಿದಿತ್ತು. ಬೆಳಿಗ್ಗೆಯಿಂದ ಬಾಯಿ ಬರಿದಾಗಿ ಕೂತಿದ್ದ ದೊಡ್ಡಯ್ಯ ಹಿತ್ತಲ ಕಡೆ ತಿರುಗಿ ಉಗುಳಿದರು. ಪಾತ್ರೆ ತೊಳೆಯುತ್ತಿದ್ದ ದೊಡ್ಡವ್ವ ತಲೆಯೆತ್ತಿ ನೋಡಿದರೆ ಉಗುಳು ಕೆಂಪಗಿತ್ತು. ಗೋಡೆಯಾಚೆಯಿಂದ ಅವರು ಕೂಗಿದ್ದು ಕೇಳಿ ನಾನು ಓಡಿಹೋದೆ. ಅವರು ಗಂಡನ ಗದ್ದ ಹಿಡಿದು ಬಾಯಿ ತೆಗೆಸಿ ನೋಡುತ್ತಿದ್ದರು. ವಸಡಿನಿಂದ ರಕ್ತ ಜಿನುಗುತ್ತಿತ್ತು. ಎಷ್ಟು ದಿನದಿಂದ ಜಿನುಗುತ್ತಿತ್ತೋ, ಎಲೆಯಡಿಕೆಯ ಕೆಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

‘ಎಷ್ಟು ದಿನದಿಂದ ಇಂಗಾಗ್ತಾ ಅದೆ?’ ಎಂದು ದೊಡ್ಡವ್ವ ಕೇಳಿದರು.

‘ನಂಗೇನ್ ಗೊತ್ತು? ನಾನು ನನ್ ಉಗುಳು ನೋಡ್ತಾ ಕುಂತಿದ್ನಾ?’ ಎಂದರು ದೊಡ್ಡಯ್ಯ. ಮಾತು ಯಾವಾಗಿನ ಹಾಗೇ ಇತ್ತು. ಆದರೆ ಪಂಚೆ ಮೇಲಕ್ಕೆ ಎಳೆದು ಮೊಣಕಾಲ ಕೆಳಗೆ ತೋರಿಸಿದರು. ಎಲ್ಲೂ ಬೀಳದೆ, ಯಾವುದಕ್ಕೂ ತಗುಲದೆ ಅಲ್ಲಲ್ಲಿ ನೇರಳೆಹಣ್ಣಿನ ಬಣ್ಣದ ಕಲೆಗಳೆದ್ದಿದ್ದವು. ಅದನ್ನು ನಮ್ಮಿಂದ ಅಡಗಿಸಿಟ್ಟಿದ್ದರು.

ಮಂಡ್ಯದ ಆಸ್ಪತ್ರೆಗೆ ನಾಲ್ವರು ಹೋದೆವು. ದೊಡ್ಡಯ್ಯ, ದೊಡ್ಡವ್ವ, ತಂಗಿಯ ಮಗ, ನಾನು. ಮದ್ದೂರಿನ ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆನಾದ್ದರಿಂದ ಡಾಕ್ಟರ ಹತ್ತಿರ ಮಾತಾಡಲು ನನ್ನನ್ನು ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬೆರಳಿನಿಂದ ರಕ್ತ ತೆಗೆದರು, ಕಾಲಿನ ಕಲೆಗಳನ್ನು ಒತ್ತಿ ನೋಡಿದರು. ‘ಇದು ಮಲೇರಿಯಾ ಅಲ್ಲ’ ಎಂದು ಹೇಳಿ ಮೈಸೂರಿಗೆ ಚೀಟಿ ಬರೆದುಕೊಟ್ಟರು. ಮಲೇರಿಯಾ ಅಲ್ಲ ಎಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿ ಸಂತೋಷಪಟ್ಟೆವು. ದೊಡ್ಡವ್ವ ಆಸ್ಪತ್ರೆಯ ಬಾಗಿಲಲ್ಲೇ ಕೈಮುಗಿದರು.

ಮೈಸೂರಿನಲ್ಲಿ ಎದೆಯ ನಡುಮೂಳೆಗೆ ದಪ್ಪ ಸೂಜಿ ಚುಚ್ಚಿ ಒಳಗಿನದನ್ನು ಎಳೆದು ನೋಡಿದರು. ನಾವು ಹೊರಗೆ ನಿಂತಿದ್ದೆವು. ಒಳಗಿನಿಂದ ಅವರು ಒಂದೇ ಒಂದು ಸಲ ‘ಅವ್ವಾ’ ಎಂದದ್ದು ಕೇಳಿತು. ಆಮೇಲೆ ಅಲ್ಲಿನ ಡಾಕ್ಟರು ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ.

‘ಮನುಷ್ಯನ ಮೂಳೆಯೊಳಗೆ ಮಜ್ಜೆ ಅಂತ ಇರುತ್ತೆ. ರಕ್ತ ಹುಟ್ಟೋದು ಅಲ್ಲೇ. ಇವರಿಗೆ ಅದು ಒಣಗಿಹೋಗಿದೆ. ಚಿಕ್ಕ ವಯಸ್ಸಿನವರಿಗೆ ಕೆಲವು ಸಲ ಅದಾಗಿ ಅದೇ ಚಿಗುರಿಕೊಳ್ಳುತ್ತೆ. ಇವರ ವಯಸ್ಸಿನಲ್ಲಿ ತಿರುಗಿ ಬಂದದ್ದನ್ನ ನಾನು ನೋಡಿಲ್ಲ.’

‘ಔಷಧಿ?’

‘ಲಿವರ್ ಸೂಜಿಮದ್ದು ಕೊಡ್ತೀವಿ. ಬೇರೆಯವರ ರಕ್ತ ಕೊಡ್ತೀವಿ. ಎದ್ದು ಕೂರ್ತಾರೆ. ಆಮೇಲೆ ಮತ್ತೆ ಇಳಿಯುತ್ತೆ. ಅವರಿಗೆ ಇದನ್ನೆಲ್ಲ ಹೇಳಬೇಡಿ. ಧೈರ್ಯ ಕೆಟ್ಟರೆ ಇರೋ ದಿನವೂ ಹೋಗುತ್ತೆ.’

ತಂಗಿಯ ಮಗ ರಕ್ತ ಕೊಟ್ಟ. ಕುಸ್ತಿ ಆಡಿದ ಆಳು, ಸೂಜಿ ಕಂಡು ಬೆವರಿ, ಕೊಟ್ಟು ಎದ್ದವನು ಗೋಡೆ ಹಿಡಿದುಕೊಂಡು ನಿಂತ. ‘ಏನ್ಲಾ, ಇಷ್ಟಕ್ಕೇ ಬಿದ್ದೋಯ್ತೀಯ? ಇಂಥ ರಕ್ತ ನಂಗ್ಯಾಕ್ ಕೊಟ್ಟೆ?’ ಎಂದರು ದೊಡ್ಡಯ್ಯ. ಅವರ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ದೊಡ್ಡವ್ವ ಆ ಕೆನ್ನೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಬೀಳ್ಕೊಡುವಾಗ ಡಾಕ್ಟರು ಬಂದು ಸಮಾಧಾನದ ಮಾತು ಹೇಳಿದರು. ಎಲ್ಲ ಸರಿಹೋಗುತ್ತೆ, ಹಾಲು ಕುಡಿಯಿರಿ, ದೇವರಿದ್ದಾನೆ. ದೊಡ್ಡಯ್ಯ ಎಲ್ಲವನ್ನೂ ಕೇಳಿ, ‘ಬೇಸಿಗೆ ಭತ್ತ ಕುಯ್ಯೋಗಂಟ ಇರ್ತೀನಾ ಸ್ವಾಮಿ?’ ಎಂದರು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆತಗ್ಗಿಸಿದೆ.

‘ಅವ್ನ ಯಾಕ್ ನೋಡ್ತೀರಿ? ಕೇಳ್ತಿರೋನು ನಾನು. ನಾನು ನೀರುಗಂಟಿ ಸ್ವಾಮಿ. ಕೆರೇಲಿ ನೀರಿಲ್ದಿದ್ರೂ ಅದೆ ಅದೆ ಅಂತ ಊರಿಗೆ ಏಳಿದ್ರೆ ನಾಟಿ ಮಾಡ್ದೋನ ಗತಿ ಏನಾಯ್ತದೆ?’

ಡಾಕ್ಟರು ಸ್ಟೂಲು ಎಳೆದುಕೊಂಡು ಅವರೆದುರು ಕೂತರು. ‘ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ, ಯಜಮಾನರೇ. ಇದು ನಿಜ. ಕುಯ್ಲಿನವರೆಗೂ ಇರಬಹುದು, ಅದರಾಚೆಗೂ ಇರಬಹುದು. ತಾನಾಗೇ ಕೊಲ್ಲೋ ರೋಗ ಅಲ್ಲ ಇದು. ಒಂದು ಗಾಯ ಆದರೆ ರಕ್ತ ನಿಲ್ಲೋದಿಲ್ಲ, ಗಾಯಕ್ಕೆ ನಂಜಾದರೆ ತಡೆಯೋ ಶಕ್ತಿ ನಿಮ್ಮ ರಕ್ತಕ್ಕಿಲ್ಲ. ಕೆಲವು ಸಲ ಗಾಯವೇ ಇಲ್ಲದೆ ಜ್ವರ ಬರುತ್ತೆ. ಬರಿಗಾಲಲ್ಲಿ ಓಡಾಡಬೇಡಿ. ಮುಳ್ಳು ತುಳಿಯಬೇಡಿ. ಕ್ಷೌರ ಮಾಡಿಸಬೇಡಿ.’

ದೊಡ್ಡಯ್ಯ ರೈಲಿನಲ್ಲಿ ಮದ್ದೂರಿನವರೆಗೂ ಎರಡು ಕಾಲನ್ನೂ ಬೆಂಚಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದರು. ನೆಲಕ್ಕೆ ಇಳಿಬಿಡಲಿಲ್ಲ. ಹುಟ್ಟಿದಾಗಿನಿಂದ ನೆಲಕ್ಕೆ ಹೆದರದ ಕಾಲು ಅದು. ಅವರಿಗೆ ಭಯವಾಗಿದೆ ಎನ್ನುವುದನ್ನು ನಾನು ಮೊದಲು ಕಂಡದ್ದು ಆ ರೈಲಿನಲ್ಲಿ.

ಮದ್ದೂರಿನಲ್ಲಿ ಇಳಿದು ಹಳೆಯ ಸಾಮಾನು ಮಾರುವವನ ಹತ್ತಿರ ಸಿಪಾಯಿಗಳ ಒಂದು ಜೊತೆ ಬೂಟ್ಸು ಕೊಂಡೆವು. ಆ ಅಗಲದ ಪಾದಕ್ಕೆ ಸರಿಹೊಂದುವ ಮೆಟ್ಟು ಬೇರೆಲ್ಲೂ ಸಿಗಲಿಲ್ಲ. ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಮಳವಳ್ಳಿ ಕಡೆಯ ಬಸ್ಸು ಹೊರಡಲು ಯಾವತ್ತಿನಂತೆ ತಡವಾಯಿತು. ಅವರು ಬಸ್ಸಿನ ಪಕ್ಕದಲ್ಲಿ ಬೂಟ್ಸು ಹಾಕಿಕೊಂಡು ನಡಿಗೆ ಕಲಿಯುವ ಮಗುವಿನ ಹಾಗೆ ಆ ಕಡೆ ಈ ಕಡೆ ನಡೆದರು.

‘ಊರಾಗೆ ಯಾರ್ಗೂ ಏಳ್ಬೇಡ’ ಎಂದರು ನನಗೆ. ‘ನೀರುಗಂಟಿ ರಕ್ತ ಬತ್ತೋಗದೆ ಅಂದ್ರೆ, ಕೆರೇನೂ ಬತ್ತೋಯ್ತದೆ ಅಂದ್ಕೋತಾರೆ. ನಾಟಿ ಮಾಡೋನು ಮಾಡಾಕಿಲ್ಲ. ಕೆರೇಲಿ ನೀರದೆ, ಸುಮ್ಕೆ ಗದ್ದೆ ಬೀಳು ಬೀಳ್ತವೆ.’

ಆಗ ಮನೆಯೊಳಗೆ ಭಯ ವಾಸಕ್ಕೆ ಬಂತು. ದೊಡ್ಡವ್ವ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದರು. ತರಕಾರಿ ಹೆಚ್ಚಲು ನಮ್ಮ ಮನೆಗೆ ಬರುತ್ತಿದ್ದರು. ಅಂಗಳವನ್ನು ಹೊತ್ತಿಗೊಂದು ಸಲ ಗುಡಿಸುತ್ತಿದ್ದರು. ಕಡ್ಡಿ ಪೊರಕೆಯಿಂದ ಕಡ್ಡಿ ಉದುರಿದ್ದರೆ ಅದನ್ನೂ ಹೆಕ್ಕುತ್ತಿದ್ದರು. ಬೆಳಿಗ್ಗೆ ದೊಡ್ಡಯ್ಯನ ಕೆಮ್ಮು ಕೇಳುವವರೆಗೆ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ. ಕೆಮ್ಮು ಕೇಳಿದ ಮೇಲೆ, ಇದು ಯಾವತ್ತಿನ ಕೆಮ್ಮೋ ಹೊಸದೋ ಎಂದು ಇನ್ನೊಂದು ಭಯ. ಕ್ಷೌರ ನಿಂತು ಗಡ್ಡ ಬೆಳೆಯಿತು. ‘ದೊಡ್ಡಯ್ಯ ಸನ್ಯಾಸಿ ಆಗ್ಬುಟ್ರು’ ಎಂದು ಜನ ನಕ್ಕರು.

ಕಾಲುವೆಯ ಕಟ್ಟಕಡೆಯ ಗದ್ದೆಯವನೊಬ್ಬನಿದ್ದ. ಊರೇ ಅವನನ್ನು ಕೊನೆಗದ್ದೆಯವನು ಎನ್ನುತ್ತಿತ್ತು. ನೀರು ಕಡಿಮೆಯಾದರೆ ಮೊದಲು ಒಣಗುವುದು ಅವನದು, ಆದ್ದರಿಂದ ಊರಿನಲ್ಲಿ ಮೊದಲು ಬಾಯಿ ತೆರೆಯುವುದೂ ಅವನೇ. ಬೂಟ್ಸು ನೋಡಿ, ‘ಏನ್ ದೊಡ್ಡಯ್ಯ, ಮಿಲಿಟ್ರಿ ಸೇರ್ಕಂಡ್ಯಾ?’ ಎಂದ.

‘ಊಂ ಕಣ್ಲಾ. ಮೊದಲ್ನೇ ಯುದ್ಧ ನಿನ್ ಗದ್ದೆ ಮ್ಯಾಲೇ’ ಎಂದರು ದೊಡ್ಡಯ್ಯ.

ಆ ವರ್ಷವೂ ಅವರು ಕಟ್ಟೆಯ ಮುಂದೆ ನಿಂತು ಹೇಳಿದರು. ಕಂಬ ನೋಡಿ ಬಂದದ್ದು ತಂಗಿಯ ಮಗ. ಮೇಲ್ಗದ್ದೆ, ನಡುಗದ್ದೆಗಳಿಗೆ ಪೂರ್ತಿ, ಕೊನೆಗದ್ದೆಗೆ ಅರ್ಧ. ಜನ ನೆಟ್ಟರು. ಆದರೆ ತೊಂದರೆ ಶುರುವಾದದ್ದು ಏರಿಯಲ್ಲಿ. ನಮ್ಮೂರಿನಲ್ಲಿ ಕೆರೆ ಏರಿಯ ಮೇಲೆ ಯಾರೂ ಮೆಟ್ಟು ಹಾಕಿಕೊಂಡು ನಡೆಯುವುದಿಲ್ಲ. ತೂಬಿನ ಪಕ್ಕದಲ್ಲಿ ಕೆರೆಯಮ್ಮನ ಕಲ್ಲಿದೆ. ಗಾಡಿಯವರೂ ಅಲ್ಲಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ದಾಟುತ್ತಾರೆ. ದೊಡ್ಡಯ್ಯ ಬೂಟ್ಸು ಹಾಕಿಕೊಂಡು ಏರಿ ಹತ್ತಲಿಲ್ಲ, ಬಿಚ್ಚಿಯೂ ಹತ್ತಲಿಲ್ಲ. ಏರಿಯ ಬುಡದಲ್ಲಿ ನಿಂತು, ಮೇಲಿದ್ದ ತಂಗಿಯ ಮಗನಿಗೆ ಕೂಗಿ ಹೇಳುತ್ತಿದ್ದರು. ಅವನು ತೂಬಿನ ಬೆಣೆ ಎತ್ತುತ್ತಿದ್ದ, ಇಳಿಸುತ್ತಿದ್ದ. ಏರಿಯ ಮೇಲೆ ಉದ್ದಕ್ಕೂ ಜಾಲಿ. ನೆಲದ ತುಂಬ ಉದುರಿದ ಮುಳ್ಳು. ಹಿಂದೆ ಅದನ್ನು ಯಾರೂ ನೋಡಿದ್ದೇ ಇಲ್ಲ.

ತೆನೆ ಕಟ್ಟುವ ಹೊತ್ತಿಗೆ ಕಾಲುವೆಯ ನೀರು ತೆಳ್ಳಗಾಯಿತು. ಕೆರೆಯಲ್ಲಿ ನೀರಿತ್ತು, ತೂಬಿನಿಂದ ಬರುತ್ತಿರಲಿಲ್ಲ. ಕೆಳಗಿನ ಬಾಯಿಗೆ ಹೂಳೋ ಪಾಚಿಯೋ ತುಂಬಿಕೊಂಡಿತ್ತು. ತಂಗಿಯ ಮಗ ಕೆರೆಗೆ ಇಳಿದು ತಡಕಿದ. ಬಾಯಿ ಎಲ್ಲಿದೆ ಎಂದೇ ಅವನಿಗೆ ತಿಳಿಯಲಿಲ್ಲ. ಕೆಸರು ಕಲಕಿದ ನೀರಿನಲ್ಲಿ ಕಣ್ಣಿಗೇನೂ ಕಾಣುವುದಿಲ್ಲ. ಅಂಗಾಲಿನಿಂದ ಮುಟ್ಟಿ, ಕಲ್ಲಿನ ಅಂಚು ಹಿಡಿದು ಹುಡುಕಬೇಕು. ಅದು ಬಲ್ಲ ಅಂಗಾಲು ಊರಿನಲ್ಲಿ ಒಂದೇ ಜೊತೆ.

ಊರು ಬೇರೆ ಲೆಕ್ಕ ಹಾಕಿತು. ನೀರುಗಂಟಿ ಮೆಟ್ಟು ಮೆಟ್ಟಿಕೊಂಡ, ಕೆರೆಯಮ್ಮನಿಗೆ ಮುಖ ತೋರಿಸುವುದು ಬಿಟ್ಟ, ಅಮ್ಮ ಮುನಿದಿದ್ದಾಳೆ. ಅದಕ್ಕೇ ಅವನ ಮುಖದ ರಕ್ತ ಹೀರಿದ್ದಾಳೆ, ಅದಕ್ಕೇ ತೂಬು ಕಟ್ಟಿದ್ದಾಳೆ. ಬೂಟ್ಸು ಬಂದದ್ದು ರಕ್ತ ಬತ್ತಿದ್ದರಿಂದ. ಜನ ಅದನ್ನು ತಿರುಗುಮುರುಗು ಮಾಡಿ ಓದಿದರು. ನಾನು ಬಾಯಿ ಬಿಡುವಂತಿರಲಿಲ್ಲ.

ಒಂದು ಸಂಜೆ ಅವರನ್ನು ಕಟ್ಟೆಯ ಹತ್ತಿರ ಕರೆಸಿದರು. ಕೊನೆಗದ್ದೆಯವನು ಎದ್ದು ನಿಂತ. ‘ದೊಡ್ಡಯ್ಯ, ನಿನ್ ಮ್ಯಾಲೆ ನಂಗೆ ದ್ವೇಸ ಇಲ್ಲ. ಪೈರು ಒಣಗ್ತಾ ಅದೆ. ನಾಳೆ ಆ ಬೂಡ್ಸು ಬಿಸಾಕ್ಬುಟ್ಟು, ಬರಿಗಾಲಲ್ಲಿ ಏರಿ ಮ್ಯಾಲೆ ಬಂದು ಅಮ್ಮಂಗೆ ಕೈಮುಗಿದು ತೂಬು ಬುಡ್ಸು. ಆಗಾಕಿಲ್ಲ ಅಂದ್ರೆ ಬುಟ್ಬುಡು, ಬೇರೇರ ನೋಡ್ಕೋತೀವಿ.’

‘ಇನ್ಯಾರು ಅವ್ರೆ ನೋಡ್ಕೊಳಾಕೆ? ನೀನಾ?’ ಎಂದು ದೊಡ್ಡವ್ವ ಹೆಂಗಸರ ಕಡೆಯಿಂದ ಕೂಗಿದರು. ‘ನಿನ್ ಮನೆ ಬಚ್ಲು ನೀರ ತಿರುಗ್ಸಾಕೆ ಬರಾಕಿಲ್ಲ ನಿಂಗೆ!’

ಜನ ನಕ್ಕರು. ದೊಡ್ಡಯ್ಯ ನಗಲಿಲ್ಲ. ಬೂಟ್ಸಿನ ಕಾಲಿನಲ್ಲಿ ಕಟ್ಟೆಯ ಮುಂದೆ ಬಂದು, ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು.

‘ಇಲ್ಲಿ ನಿಂತ್ಕೊಂಡು ನಾನು ಯಾವತ್ತಾದ್ರೂ ಸುಳ್ಳು ಏಳಿದ್ದೀನಾ?’

‘ಇಲ್ಲ ಬುಡು’ ಎಂದ ಕೊನೆಗದ್ದೆಯವನೇ.

‘ಇವತ್ತೂ ಏಳಾಕಿಲ್ಲ. ಕೆರೇಲಿ ನೀರದೆ. ಕುಯ್ಲುಗಂಟ ಸಾಲ್ತದೆ. ಅದು ಕೆರೆ ಮಾತು. ಇನ್ನು ನನ್ ಮಾತು. ರಕ್ತ ಉಟ್ಟೋದು ಮೂಳೆ ಒಳಗಂತೆ. ನನ್ ಮೂಳೆ ಒಳಗಿನ ಒರತೆ ನಿಂತೋಗದೆ. ಮೈಸೂರ್ ಡಾಕ್ಟ್ರು ಎದೆ ಚುಚ್ಚಿ ನೋಡಿ ಏಳವ್ರೆ. ಈ ವಯಸ್ನಲ್ಲಿ ಅದು ತಿರ್ಗಿ ಬರಾಕಿಲ್ಲ. ಎಷ್ಟು ದಿನ ಅಂತ ಅವ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಒಂದು ಮುಳ್ಳು ಚುಚ್ಚಿದ್ರೆ ಏರಿ ಒಡೆದಂಗೆ, ಕಟ್ಟಾಕೆ ಆಗಾಕಿಲ್ಲ.’ ತಲೆಬಗ್ಗಿಸಿ ಬೂಟ್ಸು ನೋಡಿಕೊಂಡರು. ‘ಅದ್ಕೇ ಇದು. ಅಮ್ಮನ ಮ್ಯಾಲೆ ಗರ್ವ ಅಲ್ಲ ಕಣ್ರಲಾ. ನಂಗೆ ಭಯ ಆಯ್ತದೆ.’

ಅವರ ಬಾಯಿಂದ ಆ ಮಾತನ್ನು ನಮ್ಮೂರು ಎಂದೂ ಕೇಳಿರಲಿಲ್ಲ. ಕೇಳಿದವರು ಹೇಗೆ ಎದ್ದು ಹೋದರೋ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಕಟ್ಟೆ ಖಾಲಿಯಾಯಿತು. ದೊಡ್ಡವ್ವ ಒಬ್ಬರೇ ಕೂತಿದ್ದರು. ‘ಏಳ್ಬುಟ್ಯಲ್ಲ’ ಎಂದಷ್ಟೇ ಗಂಡನಿಗೆ ಅಂದರು.

ಬೆಳಿಗ್ಗೆ ನಾನು ಕೆಮ್ಮಿಗಾಗಿ ಕಿವಿಗೊಟ್ಟು ಮಲಗಿದ್ದೆ. ಕೆಮ್ಮಿನ ಬದಲು ಕುಡುಗೋಲಿನ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ದೊಡ್ಡಯ್ಯನ ಬಾಗಿಲಿನಿಂದ ಕೆರೆಯವರೆಗೆ ಜನ. ಗಂಡಸರು ಜಾಲಿಯ ಕೊಂಬೆ ಕಡಿದು ಎಳೆದುಹಾಕುತ್ತಿದ್ದರು, ಹೆಂಗಸರು ಗುಡಿಸುತ್ತಿದ್ದರು. ಕೊನೆಗದ್ದೆಯವನು ನನ್ನನ್ನು ಕಂಡು, ‘ಏನ್ಲಾ ಕಣ್ಣುಜ್ಕೊಂಡು ನಿಂತಿದ್ದೀಯ? ನೀನು ಓದ್ದೋನು, ಮುಳ್ಳು ಎತ್ತಾಕೆ ಇಸ್ಕೂಲಲ್ಲಿ ಕಲಿಸ್ನಿಲ್ವಾ? ಪೊರಕೆ ತಗಬಾ’ ಎಂದು ಗದರಿದ. ಗುಡಿಸಿದ ಮೇಲೆ ಮುದುಕಿಯರು ಕೂತು, ಅಂಗೈಯಿಂದ ಮಣ್ಣು ಸವರಿ ಸವರಿ ನೋಡಿದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಕೆರೆಯೊಳಗಿನ ಕೆಸರನ್ನು ಗುಡಿಸುವುದು ಹೇಗೆ? ಅದಕ್ಕೆ ಪೊರಕೆಯಿಲ್ಲ. ಕೊನೆಗದ್ದೆಯವನು ಪಂಚೆ ಎತ್ತಿಕಟ್ಟಿ ತೂಬಿನ ಹತ್ತಿರ ನೀರಿಗೆ ಇಳಿದ. ಅವನ ಹಿಂದೆ ಇನ್ನಷ್ಟು ಜನ ಇಳಿದರು. ಭತ್ತ ತುಳಿಯುವವರ ಹಾಗೆ ಒಬ್ಬರ ಪಕ್ಕ ಒಬ್ಬರು ನಿಂತು, ಕೆಸರಿನ ನೆಲವನ್ನು ತಮ್ಮ ಬರಿಗಾಲಿನಿಂದ ಅಂಗುಲ ಬಿಡದಂತೆ ತುಳಿದರು. ಆಗಾಗ ಯಾರಾದರೂ ‘ಸ್ಸ್’ ಎಂದು ಕಾಲೆತ್ತುತ್ತಿದ್ದರು. ಕೊನೆಗದ್ದೆಯವನು ಅಂಗಾಲಿನಿಂದ ಒಂದು ಉದ್ದನೆಯ ಮುಳ್ಳು ಕಿತ್ತು ದಡಕ್ಕೆ ಎಸೆದು, ‘ಸಿಕ್ತು ಬುಡು ಇನ್ನೊಂದು’ ಎಂದ. ಅವನ ಕಾಲಿನ ರಕ್ತ ನೀರಿನಲ್ಲಿ ಸ್ವಲ್ಪ ಕಂಡು ಕರಗಿಹೋಯಿತು.

ಬಿಸಿಲೇರುವ ಮುಂಚೆ ದೊಡ್ಡಯ್ಯ ಹೊರಟರು. ಹೊಸಿಲಿನ ಮೇಲೆ ಕೂತು ಬೂಟ್ಸು ಬಿಚ್ಚಿದರು. ಇಷ್ಟು ದಿನ ಮುಚ್ಚಿಟ್ಟದ್ದರಿಂದ ಪಾದ ಬೆಳ್ಳಗಾಗಿ, ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು. ದೊಡ್ಡವ್ವ ಮುಂದೆ, ನಾನು ಹಿಂದೆ. ಆ ದಾರಿಯಷ್ಟು ಉದ್ದದ ದಾರಿಯನ್ನು ನಾನು ನಡೆದಿಲ್ಲ. ಅವರು ಒಂದೊಂದು ಹೆಜ್ಜೆ ಎತ್ತಿದಾಗಲೂ ನಾನು ಬಗ್ಗಿ ಆ ಜಾಗದ ಮಣ್ಣು ನೋಡುತ್ತಿದ್ದೆ. ದಾರಿಯ ಎರಡು ಕಡೆಯೂ ನಿಂತಿದ್ದ ಜನ ಅವರ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆ.

ಕೆರೆಯಮ್ಮನಿಗೆ ಕೈಮುಗಿದು ತಂಗಿಯ ಮಗನ ಭುಜ ಹಿಡಿದು ನೀರಿಗೆ ಇಳಿದರು. ಒಂದೆರಡು ಸಲ ನಿಂತು ಉಸಿರು ತೆಗೆದುಕೊಂಡರು. ಕಾಲಿನಲ್ಲೇ ಹುಡುಕಿ ಬಾಯಿ ಹಿಡಿದರು. ಆದರೆ ತಾವು ಬಿಡಿಸಲಿಲ್ಲ.

‘ಇಲ್ಲಿಕ್ಕು ಕಾಲ. ಅಲ್ಲಲ್ಲ, ಎಡಕ್ಕೆ. ಕಲ್ಲು ಸಿಕ್ತಾ?’

‘ಸಿಕ್ತು ಮಾವ.’

‘ಅದ್ರ ಅಂಚಿಡ್ಕೊಂಡು ಕೆಳಕ್ಕೆ ಬಾ. ಬೆರಳಿಗೆ ತಣ್ಣಗಾಯ್ತದಾ?’

‘ಊಂ. ತಣ್ಣಗದೆ.’

‘ಅದೇ ಬಾಯಿ. ಇನ್ನ ಮರ್ತೀಯಾ?’

‘ಇಲ್ಲ ಮಾವ.’

‘ಮರ್ತ್ರೆ ಬಂದು ಒದೀತೀನಿ’ ಎಂದರು. ಎಲ್ಲಿಂದ ಬಂದು ಎಂದು ಯಾರೂ ಕೇಳಲಿಲ್ಲ. ತಂಗಿಯ ಮಗ ಮುಳುಗಿ ಪಾಚಿ ಕಿತ್ತ. ಏರಿಯ ಆಚೆ ಕಾಲುವೆಯಲ್ಲಿ ನೀರು ಗುಳಗುಳ ಎಂದು ಬಂತು. ಜನ ಆ ಕಡೆ ಓಡಿದರು. ದೊಡ್ಡವ್ವ ಮಾತ್ರ ಗಂಡನನ್ನು ದಡದಲ್ಲಿ ಕೂರಿಸಿ, ಸೆರಗಿನಿಂದ ಎರಡು ಪಾದವನ್ನೂ ಒರೆಸಿ ನೋಡಿದರು. ಏನೂ ಇರಲಿಲ್ಲ. ಆಗ ಅವರು ನಕ್ಕರು. ಆ ದಿನಗಳಲ್ಲಿ ದೊಡ್ಡವ್ವ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ಭತ್ತ ಹಳದಿ ತಿರುಗುವ ಹೊತ್ತಿಗೆ ದೊಡ್ಡಯ್ಯನಿಗೆ ಗಂಟಲು ನೋವು ಬಂತು. ಅಂದು ಸಂಜೆಯೇ ಜ್ವರ. ಗಾಡಿ ಕಟ್ಟಿ, ಬಸ್ಸು ಹಿಡಿದು ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಬಾಯೊಳಗೆ ನೋಡಿ ನನ್ನ ಕಡೆ ತಿರುಗಿದರು. ಈ ಸಲ ದೊಡ್ಡಯ್ಯ ಏನೂ ಕೇಳಲಿಲ್ಲ. ‘ಊರಿಗೋಗವ’ ಎಂದರು. ಮನೆಗೆ ಬಂದು ಎರಡು ದಿನವಿದ್ದು, ಒಂದು ಮಧ್ಯಾಹ್ನ, ದೊಡ್ಡವ್ವ ಬಾಯಿಗೆ ನೀರು ಬಿಡುತ್ತಿದ್ದಾಗ ಹೋದರು. ಕುಯ್ಲಿಗೆ ಇನ್ನೂ ಸ್ವಲ್ಪ ದಿನವಿತ್ತು.

ಊರೆಲ್ಲ ಬಂತು, ಒಬ್ಬನನ್ನು ಬಿಟ್ಟು. ಕೊನೆಗದ್ದೆಯವನು ಬೀದಿಯ ಆಚೆ, ನಮ್ಮ ಗೋಡೆಗೆ ಒರಗಿ ನಿಂತಿದ್ದ. ಅಂಗಳಕ್ಕೆ ಕಾಲಿಡಲಿಲ್ಲ. ಬರಿಗಾಲಲ್ಲಿ ಬಾ ಎಂದು ಕರೆದವನು ತಾನು ಎನ್ನುವುದು ಅವನ ಮುಖದಲ್ಲೇ ಇತ್ತು. ಅಂದು ಮುಳ್ಳು ಚುಚ್ಚಿಯೇ ಹೀಗಾಯಿತೇ ಎನ್ನುವ ಪ್ರಶ್ನೆ ಬೇರೆಯವರ ಮುಖದಲ್ಲೂ ಇತ್ತು.

ಮೈ ತೊಳೆಯುವ ಹೊತ್ತಿನಲ್ಲಿ ದೊಡ್ಡವ್ವ ಎಲ್ಲರನ್ನೂ ಸರಿಸಿ ಕಾಲ ಬಳಿ ಕೂತರು. ಬಿಸಿನೀರು ಹಾಕಿ ಬಲಗಾಲನ್ನು ಮಡಿಲಲ್ಲಿಟ್ಟುಕೊಂಡು ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಬೆರಳುಗಳ ಸಂದಿ ಬಿಡಿಸಿ ನೋಡಿದರು. ಹಿಮ್ಮಡಿಯ ಒಂದೊಂದು ಬಿರುಕನ್ನೂ ನೋಡಿದರು. ಆಮೇಲೆ ಎಡಗಾಲು. ನೋಡಿ ಮುಗಿದ ಮೇಲೆ ತಲೆಯೆತ್ತಿ ಬೀದಿಯ ಕಡೆ ಕೂಗಿದರು.

‘ಬಾ ಇಲ್ಲಿ.’

ಕೊನೆಗದ್ದೆಯವನು ಅಲ್ಲಾಡಲಿಲ್ಲ.

‘ನಿಂಗೇ ಕಣಪ್ಪ ಏಳ್ತಿರೋದು. ಬಾ. ಮುಟ್ಟಿ ನೋಡು.’

ಅವನು ಬಂದು ಮಂಡಿಯೂರಿದ. ದೊಡ್ಡವ್ವ ಅವನ ಕೈ ಹಿಡಿದು ಆ ಅಂಗಾಲಿನ ಮೇಲೆ ಇಟ್ಟರು. ‘ಏನಾದ್ರೂ ಅದಾ?’

‘ಇಲ್ಲ ಕಣವ್ವ.’

‘ಇಲ್ಲ. ಒಂದೂ ಇಲ್ಲ. ಆ ಜ್ವರ ಎಲ್ಲಿಂದ ಬಂತೋ ನಂಗೊತ್ತಿಲ್ಲ. ಕಾಲಿಂದ ಬರ್ನಿಲ್ಲ. ಓಗು, ಚಟ್ಟಕ್ಕೆ ಬಿದಿರು ತತ್ತಾ.’

ಅವನು ಆ ಪಾದದ ಮೇಲೆ ಹಣೆ ಇಟ್ಟು ಎಷ್ಟೋ ಹೊತ್ತು ಏಳಲಿಲ್ಲ.

ಆ ಬೇಸಿಗೆ ಭತ್ತ ಬಂತು. ಕೊನೆಗದ್ದೆಗೆ ಅವರು ಹೇಳಿದಂತೆ ಅರ್ಧ. ತೂಬನ್ನು ಈಗ ತಂಗಿಯ ಮಗ ನೋಡಿಕೊಳ್ಳುತ್ತಾನೆ. ವರ್ಷದ ಮೊದಲ ಸಲ ತೂಬು ಎತ್ತುವ ದಿನ ಬೆಳಿಗ್ಗೆ ಊರಿನವರು ದೊಡ್ಡಯ್ಯನ ಬಾಗಿಲಿನಿಂದ ಕೆರೆಯವರೆಗೆ ದಾರಿ ಗುಡಿಸುತ್ತಾರೆ. ಹಾಗೆ ಮಾಡಬೇಕೆಂದು ಯಾರೂ ಗೊತ್ತುಮಾಡಿಲ್ಲ. ಈ ವರ್ಷ ಗುಡಿಸುವಾಗ, ಕೊತ್ತತ್ತಿಯಿಂದ ಹೊಸದಾಗಿ ನಮ್ಮೂರಿಗೆ ಬಂದ ಸೊಸೆಯೊಬ್ಬಳು, ‘ಯಾಕವ್ವ ಇಷ್ಟುದ್ದ ಗುಡಿಸೋದು?’ ಎಂದು ದೊಡ್ಡವ್ವನನ್ನು ಕೇಳಿದಳು.

‘ಕೆರೆಯಮ್ಮ ನಡೆದು ಬತ್ತಾಳಲ್ಲ, ಕಾಲಿಗೆ ಮುಳ್ಳು ಚುಚ್ಚಬಾರ್ದು ಅಂತ ಕಣವ್ವ’ ಎಂದರು ದೊಡ್ಡವ್ವ.

ಹುಡುಗಿ ನಂಬಿದಳು. ಜನ ತೂಬಿನ ಕಡೆ ಹೋದರು. ದೊಡ್ಡವ್ವ ಪೊರಕೆಯನ್ನು ಗೋಡೆಗೆ ಒರಗಿಸಿ, ಹೊಸಿಲಿನಿಂದ ಮತ್ತೆ ಹೊರಟು, ಬಗ್ಗಿದ ಬೆನ್ನಿನಲ್ಲಿ, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆ ಊರಿ ನೋಡುತ್ತ ಕೆರೆಯವರೆಗೆ ನಡೆದರು.